ಪಾರ್ಟಿಶನ್ ಇದ್ದ ಹಾಗೇ ಇನ್ನೊಂದು ಕಂಪ್ಯೂಟರಿಗೆ: ಯುನಿಕ್ಸ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಕುಮಟಾದ ಕಡೆ ಕಡಲ ಗಾಳಿ ನೇರವಾಗಿ ಬಡಿಯುವ ಕೋಣೆಯಲ್ಲಿ ನಾಲ್ಕೈದು ಮಳೆಗಾಲ ಕಳೆದ ಕಂಪ್ಯೂಟರನ್ನು ಬಿಚ್ಚಿ ನೋಡಿದರೆ ಕನೆಕ್ಟರುಗಳಿಗೆ ಕಿಲುಬು ಹಿಡಿದಿರುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಉಪ್ಪಿನ ಕಾಟವಿಲ್ಲ, ಅಲ್ಲಿ ತೇವ ಮತ್ತು ಸಿಡಿಲಿನ ಕಾಟ. ಎಲ್ಲೇ ಆದರೂ ಒಂದು ದಿನ ಹಳೆಯ ಯಂತ್ರ ಬಿಟ್ಟು ಹೊಸದಕ್ಕೆ ಹೋಗಲೇಬೇಕು. ಅಡಿಕೆ ವಖಾರಿಯ ಲೆಕ್ಕದ ಯಂತ್ರವಿರಲಿ, ಶಾಲೆಯ ಲ್ಯಾಬ್ ಇರಲಿ, ಲಿನಕ್ಸ್ ಹೊಸದಾಗಿ ಹಾಕಲು ಒಂದು ಗಂಟೆ ಸಾಕು. ಪ್ರಿಂಟರ್, ಬಳಕೆದಾರರು, ಅನುಮತಿಗಳು, ಡೇಟಾಬೇಸ್, ವರ್ಷಗಳಿಂದ ಸೇರುತ್ತ ಬಂದ ಸಣ್ಣಪುಟ್ಟ ಹೊಂದಾಣಿಕೆ, ಇವನ್ನೆಲ್ಲ ಮತ್ತೆ ಕೂರಿಸಲು ವಾರ ಹಿಡಿಯುತ್ತದೆ. ಪಾರ್ಟಿಶನ್ನನ್ನೇ, ಅಂದರೆ ಡಿಸ್ಕಿನ ಆ ಭಾಗವನ್ನೇ, ಇಡಿಯಾಗಿ ಎತ್ತಿ ಸಾಗಿಸಿದರೆ ಆ ವಾರ ಉಳಿಯುತ್ತದೆ.

ನಕಲು ಮಾಡುವ ಆಜ್ಞೆ ಒಂದೇ ಸಾಲಿನದು. ಕೆಲಸ ಕೆಡುವುದು ಆ ಸಾಲಿನಲ್ಲಲ್ಲ, ಅದರ ಹಿಂದೆ ಮತ್ತು ಮುಂದೆ. ಮೂಲ ಯಾವುದು, ಗುರಿ ಯಾವುದು ಎಂದು ಖಾತ್ರಿ ಮಾಡಿಕೊಳ್ಳದೆ ಇರುವುದು, ಮೂಲ ಇನ್ನೂ ಬದಲಾಗುತ್ತಿರುವಾಗಲೇ ನಕಲಿಗೆ ಹೊರಡುವುದು, ಬಂದದ್ದು ಸರಿಯಾಗಿದೆಯೇ ಎಂದು ತಾಳೆ ನೋಡದೆ ಹಳೆಯ ಡಿಸ್ಕ್ ಅಳಿಸುವುದು: ಅನಾಹುತಗಳೆಲ್ಲ ಈ ಮೂರರಲ್ಲೇ. ಆದ್ದರಿಂದ ಇಲ್ಲಿ ಅವಕ್ಕೇ ಹೆಚ್ಚು ಜಾಗ.

ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ, ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ. ಎಲ್ಲವನ್ನೂ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರವಿರುವ ಬಳಕೆದಾರನಾಗಿಯೇ ನಡೆಸಬೇಕು. ಉದಾಹರಣೆಗಳಲ್ಲಿ ಹಳೆಯ ಯಂತ್ರದ ಪಾರ್ಟಿಶನ್ /ಡೆವ್/ಎಸ್‌ಡಿಎ2, ಹೊಸ ಯಂತ್ರದ್ದು /ಡೆವ್/ಎನ್‌ವಿಎಂಇ0ಎನ್1ಪಿ2.

ಇಡೀ ಪಾರ್ಟಿಶನ್ ಬೇಕೇ, ಕಡತಗಳಷ್ಟೇ ಸಾಕೇ?

ಬೇಕಾದದ್ದು ಒಂದು ಫೋಲ್ಡರಿನ ಕಡತಗಳಾದರೆ ಆರ್‌ಸಿಂಕ್ ಬಳಸಿ, ಈ ದಾರಿಗೆ ಬರಬೇಡಿ. ಗುರಿ ಪಾರ್ಟಿಶನ್ ಮೂಲಕ್ಕಿಂತ ಚಿಕ್ಕದಿದ್ದರೂ ಆರ್‌ಸಿಂಕೇ ಸುಲಭ. ಫೈಲ್‌ಸಿಸ್ಟಮ್ (ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ವ್ಯವಸ್ಥೆ) ಇದ್ದ ಹಾಗೇ ಬೇಕು, ಹಾರ್ಡ್ ಲಿಂಕ್‌ಗಳು (ಒಂದೇ ಕಡತಕ್ಕಿರುವ ಬೇರೆ ಬೇರೆ ಹೆಸರು) ಲಕ್ಷಗಟ್ಟಲೆ ಇವೆ, ಗೂಢಲಿಪಿಯ ಲಕ್ಸ್ ಪಾರ್ಟಿಶನ್ನನ್ನು ಬಿಚ್ಚದೆಯೇ ಸಾಗಿಸಬೇಕು, ಡಿಸ್ಕ್ ಸಾಯುವ ಮುನ್ನ ಇದ್ದದ್ದೆಲ್ಲ ಈಚೆಗೆ ತರಬೇಕು: ಇಂಥ ಕಡೆ ಬ್ಲಾಕ್ ಮಟ್ಟದ ನಕಲೇ ಸರಿ. ಹಳೆಯ ನುಡಿ ಅಥವಾ ಬರಹ ಅಕ್ಷರದಲ್ಲಿ ಮಾಡಿದ ದಾಖಲೆಗಳಿದ್ದರೂ ಚಿಂತೆಯಿಲ್ಲ. ಬ್ಲಾಕ್ ನಕಲು ಕಡತದ ಹೆಸರನ್ನಾಗಲಿ ಅಕ್ಷರದ ಸಂಕೇತವನ್ನಾಗಲಿ ಓದುವುದೇ ಇಲ್ಲ, ಬೈಟುಗಳನ್ನು ಒಯ್ದು ಹಾಕುತ್ತದೆ, ಅಷ್ಟೇ.

ಮೂಲವನ್ನು ನಿಲ್ಲಿಸುವುದು

ಚಾಲನೆಯಲ್ಲಿರುವ ಪಾರ್ಟಿಶನ್ನನ್ನು ಎಂದೂ ನಕಲು ಮಾಡಬೇಡಿ. ಕಾರಣ ಸರಳ. ನಕಲು ಮೊದಲ ಬ್ಲಾಕಿನಿಂದ ಕೊನೆಯವರೆಗೆ ಹೋಗಲು ಒಂದೋ ಎರಡೋ ಗಂಟೆ ಬೇಕು. ಆ ಹೊತ್ತಿನಲ್ಲಿ ವ್ಯವಸ್ಥೆ ಆರಂಭದ ಭಾಗದಲ್ಲಿರುವ ಕೋಷ್ಟಕವನ್ನೂ ಕೊನೆಯ ಭಾಗದಲ್ಲಿರುವ ದತ್ತಾಂಶವನ್ನೂ ಬದಲಿಸಿದರೆ, ನಕಲಿನಲ್ಲಿ ಹಳೆಯ ಕೋಷ್ಟಕ, ಹೊಸ ದತ್ತಾಂಶ ಸೇರಿಕೊಳ್ಳುತ್ತವೆ. ಅಂಥ ನಕಲು ಮೇಲ್ನೋಟಕ್ಕೆ ಮೌಂಟ್ ಆಗುತ್ತದೆ, ಅಂದರೆ ಬಳಕೆಗೆ ತೆರೆದುಕೊಳ್ಳುತ್ತದೆ. ತಿಂಗಳ ನಂತರ ಯಾವುದೋ ಖಾತೆ ತೆರೆಯದಿದ್ದಾಗ ತಪ್ಪು ಬಯಲಾಗುತ್ತದೆ.

ಎರಡೂ ಯಂತ್ರಗಳನ್ನು ಪೆನ್‌ಡ್ರೈವ್‌ನಿಂದ, ಲೈವ್ ವ್ಯವಸ್ಥೆಯಲ್ಲಿ ಎಬ್ಬಿಸಿ. ಈ ಕೆಲಸಕ್ಕೆ ಸಿಸ್ಟಮ್‌ರೆಸ್ಕ್ಯೂ ಒಳ್ಳೆಯದು. ನೇರ ರೂಟ್ ಆಗಿಯೇ ತೆರೆದುಕೊಳ್ಳುತ್ತದೆ, ಮುಂದೆ ಬೇಕಾಗುವ ಪಾರ್ಟ್‌ಕ್ಲೋನ್, ಡಿಡಿರೆಸ್ಕ್ಯೂ ಎಲ್ಲ ಅದರಲ್ಲೇ ಇವೆ. ಒಂದು ಮಾತು ನೆನಪಿರಲಿ: ಅದರ ಫೈರ್‌ವಾಲ್ ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುತ್ತದೆ. ಬೂಟ್ ಮಾಡುವಾಗ "ನೋಫೈರ್‌ವಾಲ್" ಆಯ್ಕೆ ಕೊಡದಿದ್ದರೆ ಕೇಬಲ್ ಸರಿಯಿದ್ದರೂ ಎಸ್‌ಎಸ್‌ಎಚ್ (ಇನ್ನೊಂದು ಯಂತ್ರಕ್ಕೆ ಗೂಢಲಿಪಿಯಲ್ಲಿ ಸಂಪರ್ಕ ಕೊಡುವ ಸಾಧನ) ಸೇರುವುದಿಲ್ಲ, ಅರ್ಧ ದಿನ ಕೇಬಲ್ ಬದಲಿಸುತ್ತ ಕೂರುವಂತಾಗುತ್ತದೆ.

ಹಳೆಯ ವ್ಯವಸ್ಥೆಯನ್ನು ಕೊನೆಯ ಬಾರಿ ಮುಚ್ಚುವಾಗ ಪೂರ್ತಿ ಶಟ್‌ಡೌನ್ ಮಾಡಿ. ಹೈಬರ್ನೇಟ್ ಮಾಡಿದ್ದರೆ ಮೆಮೊರಿಯ ಅರ್ಧ ಸ್ಥಿತಿ ಸ್ವಾಪ್‌ನಲ್ಲಿ (ಮೆಮೊರಿಗೆ ಪೂರಕವಾಗಿ ಡಿಸ್ಕಿನಲ್ಲಿಟ್ಟ ಜಾಗ) ಉಳಿದಿರುತ್ತದೆ, ಫೈಲ್‌ಸಿಸ್ಟಮ್ ಇನ್ನೂ ತೆರೆದೇ ಇರುತ್ತದೆ. ಲೈವ್ ವ್ಯವಸ್ಥೆ ಬಂದ ಮೇಲೆ ಪಾರ್ಟಿಶನ್ ತಾನಾಗಿ ಮೌಂಟ್ ಆಗಿದೆಯೇ ನೋಡಿ, ಆಗಿದ್ದರೆ ಯುಮೌಂಟ್ ಮಾಡಿ. ಆಮೇಲೆ ಫೈಲ್‌ಸಿಸ್ಟಮ್ ತಪಾಸಣೆ:

ಇ2ಎಫ್‌ಎಸ್‌ಸಿಕೆ -ಎಫ್ /ಡೆವ್/ಎಸ್‌ಡಿಎ2

ಇದು ಎಕ್ಸ್‌ಟಿ4 ಎಂಬ ಬಗೆಯ ಫೈಲ್‌ಸಿಸ್ಟಮ್ಮಿಗೆ. ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್_ರಿಪೇರ್ -ಎನ್. ಡಿಸ್ಕ್ ಸಾಯುತ್ತಿರುವ ಅನುಮಾನವಿದ್ದರೆ ಮಾತ್ರ ಈ ತಪಾಸಣೆ ಬಿಟ್ಟು ನೇರ ಕೆಳಗಿನ "ಕೆಟ್ಟ ಡಿಸ್ಕ್" ಭಾಗಕ್ಕೆ ಹೋಗಿ. ಸಾಯುವ ಡಿಸ್ಕ್ ಮೇಲೆ ಬರೆಯುವ ಕೆಲಸ ಮಾಡಿಸಬಾರದು.

ಕೊನೆಗೆ ಮೂಲಕ್ಕೆ ಬೀಗ:

ಬ್ಲಾಕ್‌ಡೆವ್ --ಸೆಟ್‌ಆರ್‌ಒ /ಡೆವ್/ಎಸ್‌ಡಿಎ2

ಇದಾದ ಮೇಲೆ ಆ ಯಂತ್ರದಲ್ಲಿ ಕೈತಪ್ಪಿ ಗುರಿಯ ಜಾಗದಲ್ಲಿ ಮೂಲದ ಹೆಸರು ಹೊಡೆದರೂ ಕರ್ನೆಲ್ ಬರೆಯಲು ಬಿಡುವುದಿಲ್ಲ. ಯಂತ್ರ ಮತ್ತೆ ಎದ್ದರೆ ಬೀಗ ಹೋಗಿರುತ್ತದೆ, ಆಗ ಇನ್ನೊಮ್ಮೆ ಹಾಕಬೇಕು. ಹತ್ತು ಸೆಕೆಂಡಿನ ಕೆಲಸ, ಯಾರೂ ಮಾಡುವುದಿಲ್ಲ. ದಯವಿಟ್ಟು ಮಾಡಿ.

ಹೆಸರು ನಂಬಬೇಡಿ, ಸೀರಿಯಲ್ ನಂಬರ್ ನಂಬಿ

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಕರ್ನೆಲ್ ಯಾವ ಡಿಸ್ಕನ್ನು ಮೊದಲು ಕಂಡಿತು ಎನ್ನುವುದರ ಮೇಲೆ ಬರುತ್ತವೆ. ಪೆನ್‌ಡ್ರೈವ್ ಸಿಕ್ಕಿಸಿ ಎಬ್ಬಿಸಿದಾಗ ಆ ಪೆನ್‌ಡ್ರೈವೇ ಎಸ್‌ಡಿಎ ಆಗಿ, ನಿಮ್ಮ ಡಿಸ್ಕ್ ಎಸ್‌ಡಿಬಿ ಆಗಿರಬಹುದು. ಹೀಗೆ ಹೊಡೆದು ನೋಡಿ:

ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಎಫ್‌ಎಸ್‌ಟೈಪ್,ಯುಯುಐಡಿ,ಮಾಡೆಲ್,ಸೀರಿಯಲ್,ಮೌಂಟ್‌ಪಾಯಿಂಟ್

ಡಿಸ್ಕಿನ ಮೇಲಿನ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಇದರಲ್ಲಿ ಬಂದದ್ದಕ್ಕೆ ತಾಳೆಯಾಗಬೇಕು. ಎರಡೂ ಯಂತ್ರಗಳ ಈ ಪಟ್ಟಿಯನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಳ್ಳಿ. ಪರದೆ ನೋಡಿ ನೆನಪಿಟ್ಟುಕೊಂಡದ್ದು ಎರಡನೇ ಗಂಟೆಗೆ ಮರೆತಿರುತ್ತದೆ.

ಈಗ ಅಳತೆ. ಮೂಲ ಮತ್ತು ಗುರಿ ಎರಡರಲ್ಲೂ:

ಬ್ಲಾಕ್‌ಡೆವ್ --ಗೆಟ್‌ಸೈಜ್64 /ಡೆವ್/ಎಸ್‌ಡಿಎ2

ಬರುವ ಸಂಖ್ಯೆ ಬೈಟುಗಳಲ್ಲಿದೆ. ಗುರಿಯದ್ದು ಮೂಲದ್ದಕ್ಕೆ ಸಮ ಅಥವಾ ಹೆಚ್ಚಿರಬೇಕು, ಒಂದು ಬೈಟೂ ಕಡಿಮೆಯಾಗಬಾರದು. ಡಬ್ಬಿಯ ಮೇಲಿನ "500 ಜಿಬಿ" ನೆಚ್ಚಬೇಡಿ. ತಯಾರಕರ 500 ಜಿಬಿ ಎಂದರೆ 500 ಶತಕೋಟಿ ಬೈಟು, ಅದನ್ನೇ 1024ರ ಲೆಕ್ಕದಲ್ಲಿ ತೋರಿಸುವ ಸಾಧನ ಸುಮಾರು 465 ಎನ್ನುತ್ತದೆ. ಕೆಲವು ಸಾಧನ ಹಾಗೆ, ಕೆಲವು ಹೀಗೆ ತೋರಿಸುವುದರಿಂದ ಬೈಟಿನಲ್ಲೇ ಹೋಲಿಸಿ. ಜತೆಗೆ ಬ್ಲಾಕ್‌ಡೆವ್ --ಗೆಟ್‌ಎಸ್‌ಎಸ್ ಕೊಟ್ಟು ಸೆಕ್ಟರ್ ಅಳತೆಯನ್ನೂ ನೋಡಿ. ಹಳೆಯದು 512, ಹೊಸದು 4096 ಎಂದು ಬಂದರೆ, 512ರ ಸೆಕ್ಟರಿನಲ್ಲಿ ಹುಟ್ಟಿದ ಎಕ್ಸ್‌ಎಫ್‌ಎಸ್ ಅಲ್ಲಿ ಮೌಂಟ್ ಆಗುವುದಿಲ್ಲ. 4096ರ ಬ್ಲಾಕಿನ ಎಕ್ಸ್‌ಟಿ4ಗೆ ಈ ತೊಂದರೆಯಿಲ್ಲ.

ಹೊಸ ಡಿಸ್ಕಿನಲ್ಲಿ ಪಾರ್ಟಿಶನ್ ಕೋಷ್ಟಕ ಕೈಯಾರೆ ಮಾಡಬಹುದು, ಹಳೆಯದನ್ನೇ ತರಲೂಬಹುದು. ತರುವುದಾದರೆ ಹಳೆಯ ಯಂತ್ರದಲ್ಲಿ "ಎಸ್‌ಎಫ್‌ಡಿಸ್ಕ್ -ಡಿ /ಡೆವ್/ಎಸ್‌ಡಿಎ" ಕೊಟ್ಟು ಬಂದದ್ದನ್ನು ಕಡತಕ್ಕೆ ಉಳಿಸಿ, ಹೊಸ ಯಂತ್ರದ ಎಸ್‌ಎಫ್‌ಡಿಸ್ಕ್‌ಗೆ ಅದೇ ಕಡತ ಉಣಿಸಿ. ಹೊಸ ಡಿಸ್ಕ್ ದೊಡ್ಡದಿದ್ದರೆ ಕಡತದಲ್ಲಿರುವ "ಲಾಸ್ಟ್-ಎಲ್‌ಬಿಎ" ಸಾಲನ್ನು ಮೊದಲೇ ಅಳಿಸಿ. ಇಲ್ಲವಾದರೆ ಹಳೆಯ ಡಿಸ್ಕ್ ಮುಗಿಯುತ್ತಿದ್ದ ಜಾಗದಾಚೆಗೆ ಖಾಲಿ ಇದೆ ಎಂಬುದೇ ಕೋಷ್ಟಕಕ್ಕೆ ಗೊತ್ತಾಗದು.

ಸ್ವಾಪ್ ಪಾರ್ಟಿಶನ್ ನಕಲು ಮಾಡುವುದು ಬರೀ ದಂಡ. ಹೊಸದರಲ್ಲಿ ಎಂಕೆಸ್ವಾಪ್ ಕೊಟ್ಟರೆ ಮುಗಿಯಿತು.

ಕೇಬಲ್, ಕರೆಂಟು

ವೈಫೈ ಮೇಲೆ ಈ ಕೆಲಸ ಬೇಡ. ಎರಡು ಯಂತ್ರಗಳ ನಡುವೆ ಒಂದು ನೆಟ್‌ವರ್ಕ್ ಕೇಬಲ್ ನೇರ ಎಳೆದರೆ ಸಾಕು, ಸ್ವಿಚ್ಚೂ ಬೇಡ. ಗಿಗಾಬಿಟ್ ಕಾರ್ಡುಗಳು ತಂತಿಯ ದಿಕ್ಕನ್ನು ತಾವೇ ಸರಿಮಾಡಿಕೊಳ್ಳುವುದರಿಂದ ಹಿಂದಿನ ಕ್ರಾಸ್ ಕೇಬಲ್ ಬೇಕಿಲ್ಲ. ವಿಳಾಸ ಕೊಡಿ: ಹಳೆಯದಕ್ಕೆ

ಐಪಿ ಅಡ್ರ್ ಆಡ್ 10.0.0.1/24 ಡೆವ್ ಇಟಿಎಚ್0

ಹೊಸದಕ್ಕೆ ಇದೇ, ವಿಳಾಸ ಮಾತ್ರ 10.0.0.2/24. ಇಟಿಎಚ್0 ಬದಲು ನಿಮ್ಮ ಕಾರ್ಡಿನ ಹೆಸರು ಹಾಕಿ. "ಐಪಿ ಲಿಂಕ್" ಕೊಟ್ಟರೆ ಅದು ಕಾಣುತ್ತದೆ. ಅತ್ತಿಂದಿತ್ತ ಪಿಂಗ್ ಆದ ಮೇಲೆ ಈಥ್‌ಟೂಲ್‌ನಲ್ಲಿ ವೇಗ ನೋಡಿ. 1000 ಎಂದಿರಬೇಕು. 100 ಎಂದು ಬಂದರೆ ಕರಾವಳಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೇಬಲಿನ ತುದಿಯನ್ನು. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕೇ ಸಾಕು. ಒಂದು ಪಿನ್ನಿಗೆ ಉಪ್ಪು ಹಿಡಿದು ಸಂಪರ್ಕ ತಪ್ಪಿದರೂ ಕಾರ್ಡು ಸುಮ್ಮನೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ, 100ರಲ್ಲಿ ಸುಮಾರು 11. 120 ಜಿಬಿ ಪಾರ್ಟಿಶನ್ ಮೊದಲನೆಯದರಲ್ಲಿ 18 ನಿಮಿಷ, ಎರಡನೆಯದರಲ್ಲಿ ಮೂರು ಗಂಟೆ. ಆರಿದ್ರಾ, ಪುನರ್ವಸು ಮಳೆ ಹೊಡೆಯುವಾಗ ಮೂರು ಗಂಟೆ ಕರೆಂಟು ಇರುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಮೇಜಿನಡಿಯ 600 ವಿಎ ಯುಪಿಎಸ್ ಎರಡು ಡೆಸ್ಕ್‌ಟಾಪುಗಳನ್ನು ಅಷ್ಟು ಹೊತ್ತು ಹೊರುವುದೂ ಇಲ್ಲ. ಇನ್ವರ್ಟರ್ ಇರುವ ಕೋಣೆಯಲ್ಲಿ ಮಾಡಿ, ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಮಾಡಿ. ಸಿಡಿಲು ಶುರುವಾದರೆ ಹೊರಗಿನ ಇಂಟರ್ನೆಟ್ ಕೇಬಲ್ ಕಳಚಿ. ಎರಡು ಯಂತ್ರಗಳ ನಡುವಿನ ನೇರ ಕೇಬಲಿಗೆ ಇಂಟರ್ನೆಟ್ಟಿನ ಅಗತ್ಯವಿಲ್ಲ.

ಕಳಿಸುವ ಸಾಲು

ಹೊಸ ಯಂತ್ರದಲ್ಲಿ "ಪಾಸ್‌ಡಬ್ಲ್ಯುಡಿ" ಕೊಟ್ಟು ರೂಟ್‌ಗೆ ಗುಪ್ತಪದ ಇಡಿ. ಹಳೆಯ ಯಂತ್ರದಲ್ಲಿ ಮೊದಲು

ಸೆಟ್ -ಒ ಪೈಪ್‌ಫೇಲ್

ಹೊಡೆಯಿರಿ. ಪೈಪಿನಲ್ಲಿ (ಒಂದು ಆಜ್ಞೆಯ ಫಲವನ್ನು ಮುಂದಿನದಕ್ಕೆ ಕೊಡುವ | ಗೆರೆ) ಮೂರು ಆಜ್ಞೆ ಸಾಲಾಗಿದ್ದರೆ ಶೆಲ್ ಕೊನೆಯದರ ಫಲಿತಾಂಶವನ್ನಷ್ಟೇ ಹೇಳುತ್ತದೆ. ಓದುವ ಡಿಡಿ (ಬೈಟುಗಳನ್ನು ನಕಲು ಮಾಡುವ ಆಜ್ಞೆ) ನಡುವೆ ಸತ್ತರೂ ಬರೆಯುವ ಡಿಡಿ "ಬಂದಷ್ಟು ಬರೆದೆ" ಎಂದು ಸುಸೂತ್ರ ಮುಗಿಸುತ್ತದೆ. ಪೈಪ್‌ಫೇಲ್ ಇದ್ದರೆ ಆ ಸೋಲು ಮುಚ್ಚಿಹೋಗುವುದಿಲ್ಲ. ಆಮೇಲೆ:

ಡಿಡಿ ಐಎಫ್=/ಡೆವ್/ಎಸ್‌ಡಿಎ2 ಬಿಎಸ್=4ಎಂ ಸ್ಟೇಟಸ್=ಪ್ರೋಗ್ರೆಸ್ | ಎಸ್‌ಎಸ್‌ಎಚ್ ರೂಟ್@10.0.0.2 "ಡಿಡಿ ಒಎಫ್=/ಡೆವ್/ಎನ್‌ವಿಎಂಇ0ಎನ್1ಪಿ2 ಬಿಎಸ್=4ಎಂ ಐಫ್ಲಾಗ್=ಫುಲ್‌ಬ್ಲಾಕ್ ಕಾನ್ವ್=ಎಫ್‌ಸಿಂಕ್"

4ಎಂ ಎಂಬಲ್ಲಿ ಎಂ ದೊಡ್ಡಕ್ಷರ. ಬಿಎಸ್ ಕೊಡದಿದ್ದರೆ ಡಿಡಿ 512 ಬೈಟಿನಂತೆ ತುತ್ತು ತಿನ್ನುತ್ತದೆ, ವೇಗ ಪಾತಾಳಕ್ಕಿಳಿಯುತ್ತದೆ. ಫುಲ್‌ಬ್ಲಾಕ್ ಏಕೆಂದರೆ ಪೈಪಿನಿಂದ ಬರುವ ದತ್ತಾಂಶ ಪೂರ್ತಿ 4 ಎಂಬಿಯ ಕಟ್ಟಾಗಿ ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಕಟ್ಟು ತುಂಬುವವರೆಗೆ ಕಾಯಲು ಹೇಳುವ ಮಾತು ಅದು. ಎಫ್‌ಸಿಂಕ್ ಎಂದರೆ ಮೆಮೊರಿಯಲ್ಲಿ ಉಳಿದದ್ದೆಲ್ಲ ಡಿಸ್ಕಿಗೆ ಇಳಿಯುವವರೆಗೆ ಮುಗಿಯಿತು ಎನ್ನಬೇಡ ಎಂದು.

ಇಲ್ಲಿ ಒಂದು ದೊಡ್ಡ ಹೊಂಡವಿದೆ. ಎಲ್ಲೆಲ್ಲೋ ಓದಿ "ಕಾನ್ವ್=ನೋಎರರ್,ಸಿಂಕ್" ಎಂದು ಸೇರಿಸುವವರು ಬಹಳ. ಇದರಲ್ಲಿರುವ ಸಿಂಕ್‌ಗೂ ಮೇಲಿನ ಎಫ್‌ಸಿಂಕ್‌ಗೂ ಸಂಬಂಧವಿಲ್ಲ. ಸಿಂಕ್ ಮಾಡುವುದೇನೆಂದರೆ ಅರ್ಧ ಬಂದ ಕಟ್ಟನ್ನು ಸೊನ್ನೆಗಳಿಂದ ತುಂಬಿಸುವುದು. ಪೈಪಿನ ಬರೆಯುವ ತುದಿಯಲ್ಲಿ ಅದನ್ನು ಹಾಕಿದರೆ ತುಂಡಾಗಿ ಬಂದ ಪ್ರತಿ ಕಟ್ಟಿನ ನಡುವೆ ಸೊನ್ನೆ ತುರುಕಿ, ಅಲ್ಲಿಂದ ಮುಂದಿನದನ್ನೆಲ್ಲ ಜಾಗ ತಪ್ಪಿಸುತ್ತದೆ. ನಕಲು ಪೂರ್ತಿ ಹಾಳು.

ಕೆಲಸ ಮುಗಿದಾಗ ಎರಡೂ ಡಿಡಿಗಳು ಎಷ್ಟು ಬೈಟು ಎಂದು ಹೇಳುತ್ತವೆ. ಎರಡೂ ಸಂಖ್ಯೆ ಒಂದೇ ಇರಬೇಕು, ನೀವು ಕಾಗದದಲ್ಲಿ ಬರೆದಿಟ್ಟ ಮೂಲದ ಅಳತೆಗೂ ಸಮವಿರಬೇಕು.

ಕೇಬಲ್ 100ಕ್ಕೇ ನಿಂತಿದ್ದರೆ ನಡುವೆ ಕುಗ್ಗಿಸುವುದು ಲಾಭ. ಎಸ್‌ಎಸ್‌ಎಚ್‌ನ ಹಿಂದೆ "ಝಡ್‌ಎಸ್‌ಟಿಡಿ -1 -ಟಿ0" (ಟಿ ದೊಡ್ಡಕ್ಷರ), ಆಚೆ ಕಡೆ ಡಿಡಿಯ ಹಿಂದೆ "ಝಡ್‌ಎಸ್‌ಟಿಡಿ -ಡಿ" ಸೇರಿಸಿ. ಲೆಕ್ಕಪತ್ರ, ಪಠ್ಯ, ಖಾಲಿ ಜಾಗ ಚೆನ್ನಾಗಿ ಕುಗ್ಗುತ್ತವೆ. ಫೋಟೊ, ವಿಡಿಯೊ ಕುಗ್ಗುವುದಿಲ್ಲ. ಲಕ್ಸ್ ಪಾರ್ಟಿಶನ್ನಂತೂ ನೋಡಲು ಬರೀ ಗೊಂದಲದ ಬೈಟುಗಳ ರಾಶಿ, ಅದನ್ನು ಕುಗ್ಗಿಸಲು ಹೋದರೆ ಪ್ರೊಸೆಸರಿಗೆ ಬಿಸಿ, ಅಷ್ಟೇ.

ಎಸ್‌ಎಸ್‌ಎಚ್ ಬದಲು, ಗೂಢಲಿಪಿಯಿಲ್ಲದೆ ನೇರ ಕಳಿಸುವ ನೆಟ್‌ಕ್ಯಾಟ್ ಬಳಸುವ ರೂಢಿ ಇದೆ. ನನ್ನ ಅಭಿಪ್ರಾಯದಲ್ಲಿ ಗೂಢಲಿಪಿಯ ಕೆಲಸವನ್ನು ಹಾರ್ಡ್‌ವೇರಿನಲ್ಲೇ ಮಾಡುವ ಪ್ರೊಸೆಸರ್ ಎರಡೂ ಕಡೆ ಇದ್ದರೆ ಎಸ್‌ಎಸ್‌ಎಚ್ ಬಿಡಲು ಕಾರಣವೇ ಇಲ್ಲ. ಹಳೆಯ ಯಂತ್ರದ ಪ್ರೊಸೆಸರ್ ಅದರಲ್ಲೇ ಏದುಸಿರು ಬಿಡುತ್ತಿದ್ದರೆ, ಅದೂ ನೇರ ಕೇಬಲ್ ಮೇಲೆ ಮಾತ್ರ, ನೆಟ್‌ಕ್ಯಾಟ್. ಸ್ವೀಕರಿಸುವ ಕಡೆ ಮೊದಲು "ಎನ್‌ಸಿ -ಎಲ್ 9000", ಕಳಿಸುವ ಕಡೆ "ಎನ್‌ಸಿ -ಎನ್ 10.0.0.2 9000" (-ಎನ್ ಆಯ್ಕೆಯ ಎನ್ ಮಾತ್ರ ದೊಡ್ಡಕ್ಷರ). ಇದು ಓಪನ್‌ಬಿಎಸ್‌ಡಿ ಬಗೆಯದು. ಹಳೆಯ ಬಗೆಯಲ್ಲಿ ಸ್ವೀಕರಿಸಲು "-ಎಲ್ -ಪಿ 9000", ಕಳಿಸಲು "-ಕ್ಯೂ 1". ಈ ಕೊನೆಯ ಆಯ್ಕೆ ಮರೆತರೆ ದತ್ತಾಂಶ ಮುಗಿದರೂ ಎರಡೂ ಕಡೆ ಸುಮ್ಮನೆ ಕಾಯುತ್ತ ನಿಲ್ಲುತ್ತವೆ, ಮುಗಿಯಿತೋ ಇಲ್ಲವೋ ತಿಳಿಯದು. ಕಚೇರಿಯ ಹಂಚಿಕೆಯ ನೆಟ್‌ವರ್ಕಿನಲ್ಲಿ ನೆಟ್‌ಕ್ಯಾಟ್ ಬೇಡ. ಹೋಗುವುದೆಲ್ಲ ಬತ್ತಲಾಗಿ ಹೋಗುತ್ತದೆ.

ತುಂಬಿದಷ್ಟನ್ನೇ ಒಯ್ಯಲು ಪಾರ್ಟ್‌ಕ್ಲೋನ್

400 ಜಿಬಿ ಪಾರ್ಟಿಶನ್, ತುಂಬಿದ್ದು 35 ಜಿಬಿ. ಡಿಡಿ 400ನ್ನೂ ಹೊರುತ್ತದೆ. ಪಾರ್ಟ್‌ಕ್ಲೋನ್ ಫೈಲ್‌ಸಿಸ್ಟಮ್ಮಿನ ನಕ್ಷೆ ಓದಿ ಬಳಕೆಯಲ್ಲಿರುವ ಬ್ಲಾಕುಗಳನ್ನಷ್ಟೇ ಎತ್ತುತ್ತದೆ. ಕ್ಲೋನ್‌ಜಿಲ್ಲಾದ ಮೆನುಗಳ ಹಿಂದೆ ಸಾಮಾನ್ಯವಾಗಿ ದುಡಿಯುವುದೂ ಇದೇ.

ಪಾರ್ಟ್‌ಕ್ಲೋನ್.ಎಕ್ಸ್‌ಟಿ4 -ಸಿ -ಎಸ್ /ಡೆವ್/ಎಸ್‌ಡಿಎ2 -ಒ - | ಎಸ್‌ಎಸ್‌ಎಚ್ ರೂಟ್@10.0.0.2 "ಪಾರ್ಟ್‌ಕ್ಲೋನ್.ಎಕ್ಸ್‌ಟಿ4 -ಆರ್ -ಎಸ್ - -ಒ /ಡೆವ್/ಎನ್‌ವಿಎಂಇ0ಎನ್1ಪಿ2"

ತುಂಬಿದ್ದು ಕಡಿಮೆ ಎಂದು ಗುರಿ ಚಿಕ್ಕದಿರಬಹುದೆಂದು ತಿಳಿಯಬೇಡಿ. ಬ್ಲಾಕುಗಳು ಹಳೆಯ ವಿಳಾಸದಲ್ಲೇ ಕೂರುವುದರಿಂದ ಗುರಿ ಮೂಲದಷ್ಟಾದರೂ ಇರಲೇಬೇಕು. ಫೈಲ್‌ಸಿಸ್ಟಮ್ ಆರೋಗ್ಯವಾಗಿದ್ದರೆ ನಾನು ಇದನ್ನೇ ಮೊದಲ ಆಯ್ಕೆ ಎನ್ನುವೆ. ಅಳಿಸಿಹೋದ ಕಡತಗಳನ್ನು ಆಮೇಲೆ ಹುಡುಕಬೇಕೆಂದಿದ್ದರೆ ಮಾತ್ರ ಡಿಡಿ, ಏಕೆಂದರೆ ಅಳಿಸಿದ ಕಡತದ ಅವಶೇಷ ಇರುವುದು ಪಾರ್ಟ್‌ಕ್ಲೋನ್ ಬಿಟ್ಟುಬರುವ ಖಾಲಿ ಬ್ಲಾಕುಗಳಲ್ಲೇ.

ಒಂದು ಯಂತ್ರ ಶಿರಸಿಯಲ್ಲಿ, ಇನ್ನೊಂದು ಕಾರವಾರದಲ್ಲಿ ಇದ್ದರೆ? ಮೊಬೈಲ್ ಡೇಟಾ ಮೇಲೆ ಹತ್ತಾರು ಜಿಬಿ ಕಳಿಸುವ ಹಟ ಬೇಡ. ಮೇಲಿನ ಸಾಲಿನ ಎಡಭಾಗವನ್ನು ಝಡ್‌ಎಸ್‌ಟಿಡಿಗೆ ಉಣಿಸಿ, ಹೊರಗಿನ ಡಿಸ್ಕಿನಲ್ಲಿ ಕಡತವಾಗಿ ಉಳಿಸಿ, ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಇಳಿಯುವುದೇ ವೇಗ. ಆ ಡಿಸ್ಕ್ ಫ್ಯಾಟ್32 ಆಗಿರಬಾರದು, 4 ಜಿಬಿ ಮುಟ್ಟಿದೊಡನೆ ಬರೆಯುವುದು ನಿಲ್ಲುತ್ತದೆ. ಎಕ್ಸ್‌ಟಿ4 ಅಥವಾ ಎಕ್ಸ್‌ಫ್ಯಾಟ್ ಇರಲಿ. ಎಸ್‌ಎಚ್‌ಎ256ಸಮ್ (ಕಡತದ ಬೆರಳಚ್ಚಿನಂಥ ಮೊತ್ತ) ತೆಗೆದು ಅದೇ ಡಿಸ್ಕಿನಲ್ಲಿ ಪಕ್ಕಕ್ಕಿಡಿ, ಇಳಿಸುವ ಮುನ್ನ ತಾಳೆ ನೋಡಿ.

ನಡುವೆ ಕರೆಂಟು ಹೋದರೆ

ಮೊದಲು ಕೇಳಿಕೊಳ್ಳಬೇಕಾದದ್ದು: ಹಳೆಯ ಯಂತ್ರ ಮತ್ತೆ ಎದ್ದಾಗ ಪೆನ್‌ಡ್ರೈವ್‌ನಿಂದ ಎದ್ದಿತೇ, ಇಲ್ಲ ತನ್ನ ಡಿಸ್ಕಿನಿಂದಲೇ ಎದ್ದಿತೇ? ತನ್ನ ಡಿಸ್ಕಿನಿಂದ ಎದ್ದಿದ್ದರೆ ಮೂಲ ಬದಲಾಗಿದೆ, ಮೊದಲಿನಿಂದ ಶುರು ಮಾಡಿ. ಪೆನ್‌ಡ್ರೈವ್‌ನಿಂದಲೇ ಆದರೆ ಡಿಡಿಯನ್ನು ನಿಂತಲ್ಲಿಂದ ಮುಂದುವರಿಸಬಹುದು. ಓದುವ ಕಡೆ ಸ್ಕಿಪ್=9000, ಬರೆಯುವ ಕಡೆ ಸೀಕ್=9000 ಸೇರಿಸಿದರೆ, 4 ಎಂಬಿಯ 9000 ಕಟ್ಟುಗಳನ್ನು, ಅಂದರೆ ಸುಮಾರು 37.7 ಜಿಬಿಯನ್ನು, ಎರಡೂ ಕಡೆ ದಾಟಿ ಮುಂದಿನಿಂದ ನಡೆಯುತ್ತದೆ. ಎರಡೂ ಸಂಖ್ಯೆ ಒಂದೇ ಇರಬೇಕು, ಎರಡೂ ಕಡೆಯ ಬಿಎಸ್ ಕೂಡ ಒಂದೇ.

ಪರದೆಯಲ್ಲಿ ಕೊನೆಗೆ ಕಂಡ ಅಂಕೆಯಿಂದಲೇ ಹೊರಡಬೇಡಿ. ಅದು ಕಳಿಸಿದ ಲೆಕ್ಕ, ಡಿಸ್ಕಿಗೆ ಇಳಿದ ಲೆಕ್ಕವಲ್ಲ. ಹೊಸ ಯಂತ್ರದ ಮೆಮೊರಿಯಲ್ಲಿ ಇನ್ನೂ ಬರೆಯದೆ ಉಳಿದದ್ದು ಕರೆಂಟಿನ ಜತೆ ಹೋಯಿತು. ಆ ಯಂತ್ರದ ಮೆಮೊರಿ 8 ಜಿಬಿ ಇದ್ದರೆ 8 ಜಿಬಿ ಹಿಂದೆ ಸರಿದು ಹೊರಡಿ. ಹೆಚ್ಚಾಯಿತು ಎನಿಸಬಹುದು, ಗಿಗಾಬಿಟ್‌ನಲ್ಲಿ ಅದು ಒಂದೂವರೆ ನಿಮಿಷವೂ ಇಲ್ಲ. ಪಾರ್ಟ್‌ಕ್ಲೋನ್ ನಡುವೆ ನಿಂತರೆ ಮೊದಲಿನಿಂದಲೇ ಮಾಡಿ.

ಕೇಬಲ್ ಕ್ಷಣ ಕಳಚಿ ಟರ್ಮಿನಲ್ ಸಾಯುವ ಭಯವಿದ್ದಲ್ಲಿ, ದೂರದಿಂದ ಕೂತು ನಡೆಸುವಾಗಂತೂ, ಎಲ್ಲವನ್ನೂ ಟಿಮಕ್ಸ್ (ಟರ್ಮಿನಲ್ ಸತ್ತರೂ ಕೆಲಸ ನಿಲ್ಲಗೊಡದ ಸಾಧನ) ಒಳಗೆ ನಡೆಸಿ.

ಕೆಟ್ಟ ಡಿಸ್ಕ್

ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು ಬಂದ ಕೋಷ್ಟಕದಲ್ಲಿ 5, 197, 198 ಸಂಖ್ಯೆಯ ಸಾಲು ನೋಡಿ. ಕೊನೆಯ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಎಚ್ಚರ. 197 ಎಂದರೆ ಓದಲು ಆಗದೆ ಕಾದು ಕೂತ ಸೆಕ್ಟರುಗಳು. 199 ಏರುತ್ತಿದ್ದರೆ ಬೇರೆ ಕತೆ: ಡಿಸ್ಕ್ ಸರಿಯಿದೆ, ಡಿಸ್ಕಿಗೂ ಬೋರ್ಡಿಗೂ ನಡುವಿನ ಕೇಬಲ್ ತಪ್ಪು ಓದುತ್ತಿದೆ. ನಮ್ಮ ಕರಾವಳಿಯ ಯಂತ್ರಗಳಲ್ಲಿ ಈ 199ನ್ನು ಮೊದಲು ನೋಡುವುದು ಒಳ್ಳೆಯ ರೂಢಿ. ಸಾಟಾ ಕೇಬಲ್ ಬದಲಿಸಿ, ಡಿಸ್ಕಿನ ಚಿನ್ನದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೇವದ ಬಟ್ಟೆಯಿಂದ ಒರೆಸಿ ಒಣಗಿಸಿ, ಮತ್ತೆ ನೋಡಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಹೊಸದಾಗಿ ಏರದಿದ್ದರೆ ಗೆದ್ದಂತೆ.

ಡಿಸ್ಕೇ ಸಾಯುತ್ತಿದ್ದರೆ ಡಿಡಿ ಬೇಡ. ಒಂದು ಸೆಕ್ಟರ್ ಕೆಟ್ಟರೆ ಅದು ನಿಲ್ಲುತ್ತದೆ. ನೋಎರರ್ ಕೊಟ್ಟು ಮುಂದೆ ತಳ್ಳಿದರೆ 512 ಬೈಟಿಗಾಗಿ 4 ಎಂಬಿಯ ಕಟ್ಟೇ ಹೋಗುತ್ತದೆ. ಗ್ನೂ ಡಿಡಿರೆಸ್ಕ್ಯೂ ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಗೆ ಬಿಡಿಸುತ್ತದೆ:

ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಎ2 ಪ್ರತಿ.ಐಎಂಜಿ ಪ್ರತಿ.ಮ್ಯಾಪ್

ಆಮೇಲೆ -ಎನ್ ಬದಲು -ಆರ್3 ಹಾಕಿ ಅದೇ ಎರಡು ಕಡತಗಳೊಡನೆ ಮತ್ತೊಮ್ಮೆ. ಮ್ಯಾಪ್ ಕಡತವೇ ಇದರ ಜೀವ. ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬ ಲೆಕ್ಕ ಅದರಲ್ಲಿದೆ, ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಯುತ್ತದೆ. ಅದನ್ನು ಲೈವ್ ವ್ಯವಸ್ಥೆಯ ಮೆಮೊರಿಯಲ್ಲಿ ಇಡಬೇಡಿ, ಬೇರೆ ಡಿಸ್ಕಿನಲ್ಲಿಡಿ. ಡಿಡಿರೆಸ್ಕ್ಯೂ ಹಿಂದೆ ಮುಂದೆ ಹಾರಿ ಬರೆಯುವುದರಿಂದ ಪೈಪಿನಲ್ಲಿ ಹೋಗದು. ಎರಡೂ ಡಿಸ್ಕುಗಳನ್ನು ಒಂದೇ ಯಂತ್ರಕ್ಕೆ ಕಟ್ಟಿ ಮಾಡಿ, ನಕಲು ಕೈಸೇರಿದ ಮೇಲೆ ನೆಟ್‌ವರ್ಕಿನ ಮಾತು.

ತಾಳೆ

ಎರಡೂ ಕಡೆ ಇನ್ನೂ ಯಾವುದನ್ನೂ ಮೌಂಟ್ ಮಾಡುವ ಮುನ್ನವೇ:

ಹೆಡ್ -ಸಿ 128849018880 /ಡೆವ್/ಎಸ್‌ಡಿಎ2 | ಎಸ್‌ಎಚ್‌ಎ256ಸಮ್

ಆ ದೊಡ್ಡ ಸಂಖ್ಯೆಯ ಜಾಗದಲ್ಲಿ ನಿಮ್ಮ ಮೂಲದ ಬೈಟುಗಳ ಅಳತೆ ಬರಬೇಕು. ಹೊಸ ಯಂತ್ರದಲ್ಲಿ ಇದೇ ಆಜ್ಞೆ, ಇದೇ ಸಂಖ್ಯೆ, ಪಾರ್ಟಿಶನ್ ಹೆಸರು ಮಾತ್ರ ಬೇರೆ. ಗುರಿ ದೊಡ್ಡದಿದ್ದಾಗ ಹೆಡ್ ಇಲ್ಲದೆ ಲೆಕ್ಕ ತೆಗೆದರೆ ಬಾಲದ ಖಾಲಿಯೂ ಸೇರಿ ಉತ್ತರ ಬೇರೆಯಾಗುತ್ತದೆ, ವ್ಯರ್ಥ ಗಾಬರಿ. "ಓದಲು ಮಾತ್ರ" ಎಂದು ಮೌಂಟ್ ಮಾಡಿದರೂ ಎಕ್ಸ್‌ಟಿ4 ಬಾಕಿ ಜರ್ನಲ್ (ಇನ್ನೂ ಜಾರಿಯಾಗದ ಬದಲಾವಣೆಗಳ ಟಿಪ್ಪಣಿ) ಇದ್ದರೆ ಅದನ್ನು ಆಡಿಸಿ ಡಿಸ್ಕಿಗೆ ಬರೆಯುತ್ತದೆ. ತಾಳೆಗೆ ಮುನ್ನ ಒಳಗೆ ನೋಡಲೇಬೇಕಾದರೆ -ಒ ಆರ್‌ಒ,ನೋಲೋಡ್ ಕೊಡಿ. ಪಾರ್ಟ್‌ಕ್ಲೋನ್ ನಕಲಿಗೆ ಈ ತಾಳೆ ಕೂಡುವುದಿಲ್ಲ, ಖಾಲಿ ಬ್ಲಾಕುಗಳು ಬೇರೆಯೇ ಇರುತ್ತವೆ. ಅದಕ್ಕೆ ಎರಡೂ ಕಡೆ ಓದಲು ಮಾತ್ರ ಮೌಂಟ್ ಮಾಡಿ ಆರ್‌ಸಿಂಕ್ -ಎಎನ್‌ಸಿಐ --ಡಿಲೀಟ್ ಓಡಿಸಿ. ಇದರಲ್ಲಿ ಎನ್ ಎಂದರೆ ಏನನ್ನೂ ಮುಟ್ಟದೆ ವ್ಯತ್ಯಾಸವಷ್ಟೇ ಹೇಳು ಎಂದು, ಅದನ್ನು ಮರೆಯಬಾರದು.

ಹೊಸ ಮನೆಯಲ್ಲಿ ಕೂರಿಸುವುದು

ಇ2ಎಫ್‌ಎಸ್‌ಸಿಕೆ -ಎಫ್, ಆಮೇಲೆ ರಿಸೈಜ್2ಎಫ್‌ಎಸ್: ಪಾರ್ಟಿಶನ್ನಿನ ಉಳಿದ ಜಾಗವೆಲ್ಲ ಎಕ್ಸ್‌ಟಿ4ಗೆ ಸಿಗುತ್ತದೆ. ಎಕ್ಸ್‌ಎಫ್‌ಎಸ್ ಆದರೆ ಮೌಂಟ್ ಮಾಡಿ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್.

ಈಗ ಎರಡು ಡಿಸ್ಕುಗಳಿಗೂ ಒಂದೇ ಯುಯುಐಡಿ (ಫೈಲ್‌ಸಿಸ್ಟಮ್ಮಿನ ಗುರುತಿನ ಸಂಖ್ಯೆ). ಬೇರೆ ಬೇರೆ ಯಂತ್ರದಲ್ಲಿರುವವರೆಗೆ ಇದು ಅನುಕೂಲವೇ, ಎಫ್‌ಎಸ್‌ಟ್ಯಾಬ್ (ಏನೇನು ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯ ಕಡತ) ಬದಲಿಸಬೇಕಿಲ್ಲ. ಆದರೆ ಮುಂದೊಂದು ದಿನ ಹಳೆಯ ಡಿಸ್ಕನ್ನು ಹೊಸ ಯಂತ್ರಕ್ಕೇ ಸಿಕ್ಕಿಸಿದರೆ ಯಾವುದು ಮೌಂಟ್ ಆಗುತ್ತದೆ ಎಂದು ಹೇಳಲಾಗದು. ಇವತ್ತು ಬರೆದ ಲೆಕ್ಕ ಹಳೆಯ ಡಿಸ್ಕಿಗೆ ಹೋಗಿ ಕೂತೀತು. ಬಿಟಿಆರ್‌ಎಫ್‌ಎಸ್‌ನಲ್ಲಿ ಇದು ಇನ್ನೂ ಅಪಾಯ, ಎರಡನ್ನೂ ಒಂದೇ ಎಂದು ಭಾವಿಸಿ ದತ್ತಾಂಶ ಕೆಡಿಸಬಹುದು. ಹಾಗೆ ಸಿಕ್ಕಿಸುವ ಸಂಭವವಿದ್ದರೆ ಹಳೆಯದರ ಗುರುತನ್ನೇ ಬದಲಿಸಿಡಿ: ಬೀಗ ತೆಗೆದು, ಮೌಂಟ್ ಆಗಿರದಾಗ, ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್ /ಡೆವ್/ಎಸ್‌ಡಿಎ2 (ಆಯ್ಕೆಯ ಯು ದೊಡ್ಡಕ್ಷರ).

ಬೂಟ್ ಆಗಬೇಕಾದ ಪಾರ್ಟಿಶನ್ ಆದರೆ ಬೂಟ್‌ಲೋಡರ್ ಬೇರೆ ಹಾಕಬೇಕು, ಅದು ಈ ಪಾರ್ಟಿಶನ್ನಿನ ಜತೆ ಬಂದಿಲ್ಲ. ಯುಇಎಫ್‌ಐ ಯಂತ್ರದಲ್ಲಿ ಇಎಫ್‌ಐ ಪಾರ್ಟಿಶನ್ ಇರಬೇಕು, ಅದು ಫ್ಯಾಟ್ ಆಗಿರಬೇಕು. ಹೊಸ ಪಾರ್ಟಿಶನ್ನನ್ನು /ಎಂಎನ್‌ಟಿ ಮೇಲೆ ಮೌಂಟ್ ಮಾಡಿ, ಇಎಫ್‌ಐ ಪಾರ್ಟಿಶನ್ನನ್ನು ಅದರೊಳಗಿನ /ಬೂಟ್/ಇಎಫ್‌ಐ ಮೇಲೆ. ಡೆವ್, ಪ್ರಾಕ್, ಸಿಸ್ ಮೂರನ್ನೂ ಮೌಂಟ್ --ಆರ್‌ಬೈಂಡ್ ಮೂಲಕ ಒಳಗೆ ತಂದು, ಸಿಎಚ್‌ರೂಟ್ ಮಾಡಿ, ಅಂದರೆ ಆ ಹೊಸ ಪಾರ್ಟಿಶನ್ನಿನ ವ್ಯವಸ್ಥೆಯೊಳಗೆ ಹೋಗಿ. ಡೆಬಿಯನ್, ಉಬುಂಟುಗಳಲ್ಲಿ ಒಳಗಿನಿಂದ ಗ್ರಬ್-ಇನ್‌ಸ್ಟಾಲ್, ಅಪ್‌ಡೇಟ್-ಗ್ರಬ್. ಇಎಫ್‌ಐ ಪಾರ್ಟಿಶನ್ ಹೊಸದಾದರೆ ಅದರ ಯುಯುಐಡಿ ಬೇರೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಸಾಲು ತಿದ್ದಿ. ಸ್ವಾಪ್ ಸಾಲನ್ನೂ ತಿದ್ದಿ. ತಿದ್ದದಿದ್ದರೆ ಇಲ್ಲದ ಸ್ವಾಪ್‌ಗಾಗಿ ವ್ಯವಸ್ಥೆ ಪ್ರತಿ ಸಲ 90 ಸೆಕೆಂಡು ಕಾದು ಏಳುತ್ತದೆ.

ಫೆಡೊರಾದಂಥವುಗಳಲ್ಲಿ ಇನ್ನೊಂದು ತೊಡಕು. ಅವುಗಳ ಇನಿಟ್‌ರ‍್ಯಾಮ್ (ಬೂಟಿನ ಆರಂಭದಲ್ಲಿ ಏಳುವ ಪುಟ್ಟ ವ್ಯವಸ್ಥೆ) ಹಳೆಯ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನಷ್ಟೇ ಕಟ್ಟಿಕೊಂಡಿರುತ್ತದೆ. ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಬಂದಾಗ ತನ್ನ ಡಿಸ್ಕನ್ನೇ ಕಾಣದೆ ಡ್ರಾಕಟ್ ತುರ್ತು ಶೆಲ್‌ಗೆ ಬೀಳುತ್ತದೆ. ಸಿಎಚ್‌ರೂಟ್ ಒಳಗೆ "ಡ್ರಾಕಟ್ --ರೀಜೆನರೇಟ್-ಆಲ್ --ನೋ-ಹೋಸ್ಟ್‌ಓನ್ಲಿ --ಫೋರ್ಸ್" ಕೊಟ್ಟರೆ ಸರಿಯಾಗುತ್ತದೆ.

ಹಳೆಯ ಯಂತ್ರವನ್ನೂ ಬಳಸುವುದಾದರೆ ಹೊಸದಕ್ಕೆ ಬೇರೆ ಹೆಸರು ಕೊಡಿ. /ಇಟಿಸಿ/ಮಷೀನ್-ಐಡಿ ಕಡತವನ್ನು ಖಾಲಿ ಮಾಡಿ, ಮುಂದಿನ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಅದು ಒಂದೇ ಇದ್ದರೆ ರೂಟರ್ ಎರಡಕ್ಕೂ ಒಂದೇ ಐಪಿ ಕೊಟ್ಟು, ಒಂದು ಯಂತ್ರ ಎದ್ದಾಗ ಇನ್ನೊಂದರ ನೆಟ್ ಬೀಳುವುದುಂಟು. /ಇಟಿಸಿ/ಎಸ್‌ಎಸ್‌ಎಚ್ ಒಳಗಿನ ಹೋಸ್ಟ್ ಕೀಲಿಗಳನ್ನು ಅಳಿಸಿ "ಎಸ್‌ಎಸ್‌ಎಚ್-ಕೀಜೆನ್ -ಎ" (ಎ ದೊಡ್ಡಕ್ಷರ) ಹೊಡೆಯಿರಿ.

ಶಾಲೆಯ ಲ್ಯಾಬಿನಲ್ಲಿ ಒಂದು ಯಂತ್ರ ಸಿದ್ಧಮಾಡಿ ಎಂಟಕ್ಕೆ ಹಂಚುವುದಾದರೆ ಒಂದೊಂದಾಗಿ ಕಳಿಸಬೇಡಿ. ಯುಡಿಪಿಕಾಸ್ಟ್ ಇದೆ. ಎಂಟರಲ್ಲೂ "ಯುಡಿಪಿ-ರಿಸೀವರ್ --ಫೈಲ್ /ಡೆವ್/ಎಸ್‌ಡಿಎ2", ಮೂಲದಲ್ಲಿ "ಯುಡಿಪಿ-ಸೆಂಡರ್ --ಫೈಲ್ /ಡೆವ್/ಎಸ್‌ಡಿಎ2 --ಮಿನ್-ರಿಸೀವರ್ಸ್ 8". ಒಂದೇ ಸಲ ಹೊರಟದ್ದು ಎಂಟೂ ಕಡೆ ಇಳಿಯುತ್ತದೆ, ಸಮಯ ಒಂದರದ್ದೇ. ಸ್ವಿಚ್ ಗಿಗಾಬಿಟ್ ಇರಲಿ. ಎಂಟರಲ್ಲಿ ಒಂದರ ಕೇಬಲ್ ಕೆಟ್ಟಿದ್ದರೂ ಎಲ್ಲವೂ ಅದರ ನಡಿಗೆಗೇ ಇಳಿಯುತ್ತವೆ.

ಬಿಎಸ್‌ಡಿ, ಝಡ್‌ಎಫ್‌ಎಸ್, ನಿಲ್ಲಿಸಲಾಗದ ಸರ್ವರ್

ಫ್ರೀಬಿಎಸ್‌ಡಿಯಲ್ಲಿ ಪಾರ್ಟಿಶನ್ ಹೆಸರು /ಡೆವ್/ಎಡಿಎ0ಪಿ2 ಎಂಬಂತೆ ಇರುತ್ತದೆ. ಬಿಎಸ್=4ಎಂ ಎಂಬಲ್ಲಿ ಎಂ ಸಣ್ಣಕ್ಷರ. ಎಷ್ಟಾಯಿತು ನೋಡಲು ಕಂಟ್ರೋಲ್-ಟಿ ಒತ್ತಿ. ಯುಎಫ್‌ಎಸ್ ಆದರೆ ಡಿಡಿಗಿಂತ ಡಂಪ್, ರಿಸ್ಟೋರ್ ಜೋಡಿ ಚೆನ್ನ: ತುಂಬಿದ್ದನ್ನಷ್ಟೇ ಒಯ್ಯುತ್ತದೆ, ಗುರಿ ಚಿಕ್ಕದಿದ್ದರೂ ನಡೆಯುತ್ತದೆ. ಝಡ್‌ಎಫ್‌ಎಸ್ ಇದ್ದಲ್ಲಿ ಪಾರ್ಟಿಶನ್ ಮುಟ್ಟುವ ಮಾತೇ ಬೇಡ. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಸ್ಥಿರ ಪ್ರತಿ) ತೆಗೆದು ಝಡ್‌ಎಫ್‌ಎಸ್ ಸೆಂಡ್ ಅನ್ನು ಎಸ್‌ಎಸ್‌ಎಚ್ ಮೂಲಕ ಝಡ್‌ಎಫ್‌ಎಸ್ ರಿಸೀವ್‌ಗೆ ಕೊಡಿ. ಸಾಗಿಸುವಾಗ ಮೂಲ ಚಾಲೂ ಇದ್ದರೂ ತೊಂದರೆಯಿಲ್ಲ.

ನಿಲ್ಲಿಸಲಾಗದ ಲಿನಕ್ಸ್ ಸರ್ವರ್ ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಪದರ) ಮೇಲಿದ್ದರೆ "ಎಲ್‌ವಿಕ್ರಿಯೇಟ್ -ಎಸ್ -ಎಲ್ 5ಜಿ" (-ಎಲ್ ಆಯ್ಕೆಯ ಎಲ್, 5ಜಿಯ ಜಿ ದೊಡ್ಡಕ್ಷರ) ಕೊಟ್ಟು ಸ್ನ್ಯಾಪ್‌ಶಾಟ್ ಮಾಡಿ, ಅದರಿಂದ ಡಿಡಿ. ಡೇಟಾಬೇಸನ್ನು ಆ ಒಂದು ಕ್ಷಣಕ್ಕಾದರೂ ನಿಲ್ಲಿಸಿ. ನಕಲು ನಡೆಯುವಾಗ 5 ಜಿಬಿಗಿಂತ ಹೆಚ್ಚು ಬದಲಾವಣೆಯಾದರೆ ಸ್ನ್ಯಾಪ್‌ಶಾಟ್ ತುಂಬಿ ನಿಷ್ಪ್ರಯೋಜಕವಾಗುತ್ತದೆ. "ಎಲ್‌ವಿಎಸ್" ಕೊಟ್ಟು ಆಗಾಗ ಶೇಕಡಾ ನೋಡುತ್ತಿರಿ.

ಹಳೆಯ ಡಿಸ್ಕ್

ಹೊಸ ಯಂತ್ರದಲ್ಲಿ ಕನಿಷ್ಠ ಒಂದು ತಿಂಗಳ ಲೆಕ್ಕ ಮುಗಿಯುವವರೆಗೆ ಹಳೆಯ ಡಿಸ್ಕ್ ಅಳಿಸಬೇಡಿ. ಅದನ್ನು ಕಳಚಿ, ಸೀರಿಯಲ್ ನಂಬರ್, ನಕಲು ತೆಗೆದ ತಾರೀಕು, ಎಸ್‌ಎಚ್‌ಎ256ರ ಮೊದಲ ಎಂಟು ಅಕ್ಷರ ಬರೆದ ಚೀಟಿ ಅಂಟಿಸಿ, ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಅಟ್ಟದ ಮೇಲೆ, ತೆರೆದ ಕಪಾಟಿನಲ್ಲಿ ಬೇಡ. ಕೊನೆಗೆ ಕೈಬಿಡುವಾಗ ತಿರುಗುವ ಡಿಸ್ಕ್ ಆದರೆ ಶ್ರೆಡ್ -ಎನ್ 1 -ವಿ. ಎಸ್‌ಎಸ್‌ಡಿ ಆದರೆ ತಯಾರಕರ ಸೆಕ್ಯೂರ್ ಇರೇಸ್ ಬಳಸಿ, ಅದರ ಒಳಗಿನ ಕಂಟ್ರೋಲರ್ ಬ್ಲಾಕುಗಳನ್ನು ತಾನೇ ಜಾಗ ಬದಲಿಸುತ್ತಿರುವುದರಿಂದ ಮೇಲಿನಿಂದ ಬರೆದದ್ದು ಹಳೆಯ ಬೈಟುಗಳ ಮೇಲೆಯೇ ಬೀಳುತ್ತದೆ ಎಂಬ ಭರವಸೆಯಿಲ್ಲ.